ಬಚ್ಚಲು ಸೇರಿದ ಕುದುರೆತಲೆ

ಒಂಬತ್ತು ಬೇಸಿಗೆ, ದಿನಕ್ಕೆ ಆರು ಸಲ, ಅಪ್ಪನ ಹೆಣ್ಣುಕುದುರೆಗಳ ಹಾಲು ಕರೆದ ಕೂಲಿ ತ್ಸೆವೆಲ್ಮಾಗೆ ಇನ್ನೂ ಬರಬೇಕು. ಕರೆದವಳು ಮಗಳು, ಕುಡಿದು ತೇಗಿದವರು ಗಂಡುಮಕ್ಕಳು. ಅದು ಅಪ್ಪನಿಗೂ ಒಳಗೊಳಗೆ ಚುಚ್ಚುತ್ತಿತ್ತೇನೋ, ಸಾಯುವ ಮುಂಚೆ ಮುತ್ತಜ್ಜನ ಕಾಲದ ಖೂರು ಎಂಬ ಕಮಾನು ವಾದ್ಯವನ್ನು ಅವಳ ಮಡಿಲಿಗೆ ಹಾಕಿದ. ಎರಡೇ ತಂತಿ, ಅದೂ ಕುದುರೆ ಬಾಲದ ಕೂದಲು. ಒಂಟೆಮರಿಯ ಚರ್ಮ ಬಿಗಿದ ಪೆಟ್ಟಿಗೆ. ತುದಿಯಲ್ಲಿ ಕಿವಿ ಮುರಿದ ಮರದ ಕುದುರೆತಲೆ.

ಅಣ್ಣ ಲುವ್ಸಾನನಿಗೆ ಇದು ಹಿಡಿಸಲಿಲ್ಲ.

"ಹುಲ್ಲುಗಾವಲಲ್ಲಿ ಬಾಳಿದ ವಾದ್ಯ ಕಣಮ್ಮ. ಉಲಾನ್‌ಬಾತರಿನ ನಿನ್ನ ಸಿಮೆಂಟ್ ಡಬ್ಬದಲ್ಲಿ ಒಣಗಿ ಬಿರಿಯುತ್ತೆ. ಹೊಸವರ್ಷಕ್ಕೆ, ಬಿಳಿ ತಿಂಗಳ ಹಬ್ಬಕ್ಕೆ ಬರ್ತೀನಿ. ನಾದ ಬಂದ್ರೆ ನಿನ್ನದು. ಬರದಿದ್ರೆ ನಾನು ಎತ್ಕೊಂಡು ಹೋಗ್ತೀನಿ."

"ಬನ್ನಿ ಅಣ್ಣ. ಬರಿಗೈಲಿ ವಾಪಸ್ ಹೋಗೋಕೆ ತಯಾರಾಗಿ ಬನ್ನಿ."

ಅಣ್ಣನ ಮಾತು ಸುಳ್ಳಲ್ಲ ಎಂಬುದೇ ಕಷ್ಟ. ಮನೆಗಳನ್ನು ಬೆಚ್ಚಗಿಡುವ ನಗರದ ಬಿಸಿನೀರಿನ ಕೊಳವೆಗಳು ಸೆಪ್ಟೆಂಬರಿನಲ್ಲಿ ಕಾದರೆ ಮೇ ತನಕ ಆರುವುದಿಲ್ಲ. ಆರಿಸಲು ತಿರುಪೂ ಇಲ್ಲ. ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ, ಒಳಗೆ ಜನ ಬನಿಯನ್ನಿನಲ್ಲಿ. ನಾಲ್ಕನೆಯ ದಿನವೇ ಖೂರು 'ಟಕ್' ಎಂದಿತು. ಎಂಟನೆಯ ದಿನ ಪೆಟ್ಟಿಗೆಯ ಸಂದು ಬಿಟ್ಟಿತು. ರಿಪೇರಿಯವನು ಅಂಟು ಹಾಕಿ, "ತೇವ ಇರೋ ಕಡೆ ಇಡಿ. ಇನ್ನೊಂದು ಸಲ ಹೀಗಾದ್ರೆ ಚರ್ಮವೇ ಹರಿಯುತ್ತೆ" ಎಂದ.

ಮನೆಗೆ ಬಂದವಳೇ ತ್ಸೆವೆಲ್ಮಾ ಖೂರನ್ನು ಬಚ್ಚಲಲ್ಲಿ ತೂಗುಹಾಕಿದಳು. (ಬಚ್ಚಲು, ಕಕ್ಕಸು ಎರಡೂ ಅದೇ. ಇದ್ದದ್ದೂ ಅದೊಂದೇ.)

"ಬಚ್ಚಲಲ್ಲಾ?" ಎಂದ ಗಂಡ ಪುರೆವ್.

"ಮತ್ತೆಲ್ಲಿ? ನಿನ್ನ ಬಾಯಲ್ಲಿ ಇಡಲಾ? ಈ ಮನೇಲಿ ಸದಾ ತೇವ ಇರೋ ಇನ್ನೊಂದು ಜಾಗ ಅದೇ."

"ಸ್ನಾನ?"

"ಇಲ್ಲ. ಹಬೆ ಹೆಚ್ಚಾದ್ರೆ ಚರ್ಮ ಜೋತುಬೀಳುತ್ತೆ. ಒಂದು ಬಕೆಟ್ ನೀರು, ಎರಡು ಒದ್ದೆ ಟವೆಲ್, ಅಷ್ಟೇ. ಸಾರ್ವಜನಿಕ ಸ್ನಾನಗೃಹ ಎರಡೇ ಬೀದಿ ಆಚೆ ಇದೆ."

"ಇನ್ನೊಂದು ಕೆಲಸಕ್ಕೆ?"

"ಹೋಗು, ಯಾರು ಬೇಡ ಅಂದ್ರು? ಹೋಗೋ ಮುಂಚೆ ಕುದುರೆ ಮುಖಕ್ಕೆ ನೀಲಿ ರೇಷ್ಮೆ ಮುಚ್ಚು. ಮುಗಿದ ಮೇಲೆ ತೆಗೆದು ತಲೆ ಬಾಗಿಸು."

ಪುರೆವ್ ಬಸ್ ಡ್ರೈವರ್. ಡಿಪೋ ಮುಷ್ಕರದಲ್ಲಿ ಹನ್ನೊಂದು ದಿನ ಕದಲದೆ ಕೂತ ಗಟ್ಟಿಗ. ಆದರೆ ಆಗ ಎದುರಿಗಿದ್ದದ್ದು ಬರೀ ಆಡಳಿತ ಮಂಡಳಿ. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಎರಡು ಬೀದಿ ಆಚೆ ನಡೆದ.

ಹಬ್ಬದ ಬೆಳಿಗ್ಗೆ ಲುವ್ಸಾನ್ ಬಂದ. ತ್ಸೆವೆಲ್ಮಾ ಹಿರಿಯನ ಮೊಣಕೈಗಳನ್ನು ಕೆಳಗಿನಿಂದ ಆಧರಿಸಿ ಶುಭ ಕೋರಿದಳು. ವಾಡಿಕೆಯಂತೆ ನಶ್ಯದ ಬುಡ್ಡಿಗಳು ಕೈಯಿಂದ ಕೈಗೆ ಹೋದವು. ಆಮೇಲೆ ಅವನು ಹಜಾರದ ತಲೆಭಾಗದತ್ತ, ಖೂರಿಗೂ ಹಿರಿಯರಿಗೂ ಮೀಸಲಾದ ಜಾಗದತ್ತ ನೋಡಿದ. ಅಲ್ಲಿದ್ದದ್ದು ಟಿ.ವಿ.

"ಖೂರು ಎಲ್ಲಿ?"

ಅವಳು ಬಚ್ಚಲಿನ ಬಾಗಿಲು ತೆರೆದಳು.

"ಅಪ್ಪನ ಖೂರನ್ನ ಕಕ್ಕಸಲ್ಲಿ ಇಟ್ಟಿದ್ದೀಯಾ?"

"ಒಣಗಬಾರದು ಅಂದವರು ನೀವು. ಎಲ್ಲಿ ಇಡಬಾರದು ಅಂತ ಹೇಳಿರ್ಲಿಲ್ಲ. ಖೂರು ಇರೋ ಕಡೆಯೇ ಮನೆಯ ತಲೆಭಾಗ, ಹಿರಿಯರು ಅದರ ಪಕ್ಕ ಕೂರದೆ ಹಬ್ಬದೂಟ ಶುರುವಾಗಲ್ಲ. ಇದನ್ನ ನನಗೆ ಕಲಿಸಿದವರೂ ನೀವೇ. ಕೂತ್ಕೊಳ್ಳಿ."

ಸಂಪ್ರದಾಯ ಬಿಡದ ಮನುಷ್ಯ ಸಂಪ್ರದಾಯಕ್ಕೇ ಸಿಕ್ಕಿಬಿದ್ದ. ಪುರೆವ್ ಕಮೋಡಿನ ಮುಚ್ಚಳದ ಮೇಲೆ ಬಿಳಿ ಉಣ್ಣೆ ಕಂಬಳಿ ಹಾಸಿದ. ಹಿರಿಯರು ಆಸೀನರಾದರು. ಇಡೀ ಕುರಿಯ ಹಿಂಭಾಗದ ಮಾಂಸ ವಾಷಿಂಗ್ ಮಷೀನಿನ ಮೇಲೆ ವಿರಾಜಮಾನವಾಯಿತು.

ಲುವ್ಸಾನ್ ತಂತಿ ಬಿಗಿದು, ಕಮಾನು ಎಳೆದ.

ನಾದ ಬಂತು. ಸುಮ್ಮನೆ ಬರಲಿಲ್ಲ, ನಾಲ್ಕೂ ಗೋಡೆಯ ಟೈಲ್ಸಿಗೆ ಬಡಿದು, ಹಿಂದಿನ ಸ್ವರದ ಬಾಲ ಹಿಡಿದುಕೊಂಡು ಬಂತು. ಮೇಲಿನ ಮನೆಯವರ ಗಲಾಟೆ ನಿಂತಿತು. ತ್ಸೆವೆಲ್ಮಾ ಕಣ್ಣೀರು ಹಾಕಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಾರದು ಅಣ್ಣ, ಈ ಖೂರು?"

"ನಿನ್ನದೇ."

"ಜೋರಾಗಿ ಹೇಳಿ."

"ನಿನ್ನದೇ ಕಣಮ್ಮ." ಅವನು ಕಣ್ಣೊರೆಸಿಕೊಂಡ. "ಆದ್ರೆ ನುಡಿಸದ ಖೂರು ಮೂಕವಾಗುತ್ತೆ. ನಿನಗೆ ಕಮಾನು ಹಿಡಿಯೋಕೂ ಬರಲ್ಲ. ದಿನಕ್ಕೆ ನಾಲ್ಕು ಗಂಟೆಯಾದ್ರೂ ನುಡಿಸಬೇಕು. ಬಯಲಲ್ಲಿ ಐವತ್ತು ವರ್ಷ ನುಡಿಸಿದ್ದನ್ನೆಲ್ಲ ಗಾಳಿ ಹೊತ್ಕೊಂಡು ಹೋಯ್ತು. ಇಲ್ಲಿ ನೋಡು, ಹೋದದ್ದು ವಾಪಸ್ ಬರ್ತಿದೆ. ಕುರಿಗಳನ್ನ ಮಕ್ಕಳು ನೋಡ್ಕೋತಾರೆ. ಪುರೆವ್, ಕೆಳಗೆ ಜೀಪಲ್ಲಿ ನನ್ನ ಹಾಸಿಗೆ ಇದೆ, ತಗೊಂಡು ಬಾ."

ಖೂರಿನ ಪಕ್ಕ ಕೂತ ಹಿರಿಯನನ್ನು ಏಳು ಎನ್ನುವ ನಾಲಿಗೆ ಆ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಇಂದಿಗೆ ಇಪ್ಪತ್ಮೂರನೆಯ ದಿನ. ದಿನಕ್ಕೆ ನಾಲ್ಕು ಗಂಟೆ ಎಂದದ್ದು ಒಂಬತ್ತಾಗಿದೆ, ಮಲಗುವುದೂ ಅಲ್ಲೇ. ನೆಂಟರು ಮೂವರು ಮೂವರಾಗಿ ಬಚ್ಚಲು ಹೊಕ್ಕು, ಸ್ನಾನದ ತೊಟ್ಟಿಯ ಅಂಚಿನಲ್ಲಿ ಕೂತು ಹಾಲಿನ ಚಹಾ ಕುಡಿದು ಹೋಗುತ್ತಾರೆ. ನೀಲಿ ರೇಷ್ಮೆ ಕುದುರೆಯ ಮುಖಕ್ಕೆ ಸಾಕು, ಲುವ್ಸಾನನ ಮುಖಕ್ಕೆ ಸಾಲದು. ಪುರೆವ್ ತನ್ನ ಎಲ್ಲ ವ್ಯವಹಾರವನ್ನೂ ಡಿಪೋಗೆ ವರ್ಗಾಯಿಸಿದ್ದಾನೆ.

"ಖೂರನ್ನ ಹಜಾರಕ್ಕೆ ತಂದಿಡೇ. ಹಿಂದೆಯೇ ನಿಮ್ಮಣ್ಣನೂ ಬರ್ತಾನೆ," ಎಂದು ಅವನು ಅಂಗಲಾಚಿದ.

"ತಂದ್ರೆ ಬಿರಿಯುತ್ತೆ. ಬಿರಿದ್ರೆ ಅಣ್ಣನ ಪಾಲಾಗುತ್ತೆ. ಒಂದು ಅಂಗುಲ ಕದಲಿಸಲ್ಲ," ಎಂದಳು ತ್ಸೆವೆಲ್ಮಾ, ಕಾಲಿಗೆ ಕಾಲು ಹೆಣೆದುಕೊಂಡು. ಹಾಗೆಂದವಳೇ ಕೋಟು ತೊಟ್ಟು, ಒಂಬತ್ತು ಮಹಡಿ ಇಳಿದು, ಮೂಳೆ ಕೊರೆಯುವ ಚಳಿಗೆ ಹೊರಟಳು.

ಎರಡು ಬಚ್ಚಲಿರುವ ಓದುಗರೇ, ಅವಳಿಗೆ ನಿಮ್ಮ ಮರುಕ ಬೇಡ, ಶಭಾಸ್‌ಗಿರಿಯೂ ಬೇಡ. ಕೊಳವೆ ಆರುವ ತನಕ ಒಂದರ ಕೀಲಿ ಕೊಡಿ. ಯೋಚಿಸಿ ಹೇಳುತ್ತೇವೆ ಎನ್ನಬೇಡಿ. ಅವಳು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಕೊಡಿ.