ಕಚ್ಚಿ ನೋಡಿದ ಗಿಲಕಿಗಳು

೧೯೮೪ರಲ್ಲಿ, ಏಳನೇ ತರಗತಿಯ ನಡುವೆಯೇ, ನಾನು ವಿದ್ಯೆಗೆ ಕೈಮುಗಿದೆ. ಕಲಿತದ್ದು ಕಡಿಮೆಯಾದವನಿಗೆ ತನ್ನ ಅನುಭವದ ಮೇಲೆ ಭಕ್ತಿ ಸ್ವಲ್ಪ ಜಾಸ್ತಿ. ನನ್ನ ಅನುಭವ ಶುರುವಾದದ್ದು ಮುಂಬಯಿಯ ಪರೇಲಿನ ಒಂದು ಹೊಟೇಲಿನ ಅಡುಗೆಮನೆಯಲ್ಲಿ. ಅಲ್ಲಿನ ಭಟ್ಟರದು ಒಂದೇ ಶಾಸ್ತ್ರ: "ಮೊದಲು ನಿನ್ನ ನಾಲಿಗೆ, ಆಮೇಲೆ ಗಿರಾಕಿಯದ್ದು." ಸಾಂಬಾರು ಹಳಸಿದ್ದರೆ ಹೊಟ್ಟೆ ಕೆಡಬೇಕಾದದ್ದು ನಮ್ಮದು, ಬಂದವರದ್ದಲ್ಲ. ಹತ್ತು ವರ್ಷ ಈ ಶಾಸ್ತ್ರವನ್ನು ನಂಬಿ ದುಡಿದೆ. ಆಮೇಲೆ ಭಾಂಡುಪಿನಲ್ಲಿ ಸ್ವಂತದ್ದೊಂದು ಪುಟ್ಟ ಇಡ್ಲಿ ಅಂಗಡಿ ಹಾಕಿದೆ. ಅಳುವ ಮಕ್ಕಳನ್ನು ಸುಮ್ಮನಿರಿಸಲೆಂದು ಕೌಂಟರಿನ ಮೇಲೆ ನಾಲ್ಕು ಬಣ್ಣದ ಗಿಲಕಿ ಇಟ್ಟರೆ, ಇಡ್ಲಿಗಿಂತ ಅವೇ ಹೆಚ್ಚು ಖರ್ಚಾದವು. ಗಿರಾಕಿಯ ಅಭಿಪ್ರಾಯಕ್ಕೆ ಬೆಲೆ ಕೊಡುವವ ನಾನು. ಒಲೆ ಆರಿಸಿ ಆಟಿಕೆಯ ಅಂಗಡಿ ಮಾಡಿದೆ.

ಒಲೆ ಹೋದರೂ ಶಾಸ್ತ್ರ ಹೋಗಲಿಲ್ಲ. ಮೂವತ್ತು ವರ್ಷ, ಮಾರುವ ಪ್ರತಿ ಮರದ ಗಿಲಕಿಯನ್ನೂ ತಾಯಂದಿರ ಎದುರೇ ಬಾಯಿಗಿಟ್ಟು ಕಚ್ಚಿ, ಪಂಚೆಯಲ್ಲಿ ಒರೆಸಿ ಕೊಟ್ಟೆ. ಅವರಿಗೂ ಇದು ದೊಡ್ಡ ಸಮಾಧಾನ. ಮಕ್ಕಳ ಆಟಿಕೆಗೆ ಪರೀಕ್ಷೆ ಆಗಬೇಕು, ಸರಕಾರದ ಮುದ್ರೆ ಇರಬೇಕು ಎಂಬ ಕಾನೂನು ಬಂದಾಗ, ಅದು ಪ್ಲಾಸ್ಟಿಕ್ಕಿಗೆ ಮಾತ್ರ, ಹಲ್ಲಿದ್ದವನ ಅಂಗಡಿಗೆ ಅನ್ವಯಿಸುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ.

ಮಗಳು ಶ್ವೇತಾ ಆರು ತಿಂಗಳ ಕೂಸನ್ನು ಕರೆದುಕೊಂಡು ಮನೆಗೆ ಬಂದಾಗ ಅಂಗಡಿಯ ಅತ್ಯುತ್ತಮ ಕೆಂಪು ಗಿಲಕಿಯನ್ನೇ ಮೊಮ್ಮಗಳ ಕೈಗಿಟ್ಟೆ. ಕೂಸು ಅಜ್ಜನ ಹಾಗೆಯೇ, ಆಡಿಸುವ ಮೊದಲು ಬಾಯಿಗೆ ಹಾಕಿತು. ಮೂರನೇ ದಿನ ಮಗಳು ಕೂಗಿದಳು.

"ಪಪ್ಪಾ, ಯೇ ಕ್ಯಾ ಹೈ? ಇವಳ ಜೊಲ್ಲೆಲ್ಲ ಲಾಲ್ ಆಗಿದೆ! ಇದರ ಮೇಲೆ ಮಾರ್ಕ್ ಕಹಾಂ ಹೈ?"

"ಮಾರ್ಕ್ ಯಾಕೆ? ನಾನೇ ಕಚ್ಚಿ ನೋಡಿದ್ದೇನೆ."

ಒಳಗಿನಿಂದ ನನ್ನ ಹೆಂಡತಿ ಗಿರಿಜೆ, "ಈ ಮನೆಯಲ್ಲಿ ನೀವು ಕಚ್ಚಿ ನೋಡದೆ ಬಿಟ್ಟದ್ದು ನನ್ನನ್ನೊಬ್ಬಳನ್ನೇ ಮಾರಾಯ್ರೆ," ಎಂದಳು.

"ಪೇಂಟ್‌ನಲ್ಲಿ ಲೆಡ್ ಇರ್ತದೆ ಪಪ್ಪಾ, ಸೀಸ. ನಾಲಿಗೆಗೆ ಪತಾನೇ ಆಗಲ್ಲ. ಬಚ್ಚೇ ಕೆ ದಿಮಾಗ್ ಮೇಲೆ, ಮಿದುಳಿನ ಮೇಲೆ ಅಸರ್ ಆಗ್ತದೆ."

"ಮೂವತ್ತು ವರ್ಷ ಕಚ್ಚಿದ್ದೇನೆ. ನನ್ನ ದಿಮಾಗಿಗೆ ಏನಾಗಿದೆ?"

ಹೊರಗೆ ಬಂದ ತಾಯಿಯೂ ಮಗಳೂ ಮುಖ ಮುಖ ನೋಡಿಕೊಂಡರು. "ನಾವೂ ಅದನ್ನೇ ಯೋಚನೆ ಮಾಡ್ತಾ ಉಂಟು," ಎಂದಳು ಗಿರಿಜೆ.

ಆ ಸಂಜೆಯೇ ಕೂಸನ್ನು ಡಾಕ್ಟರಲ್ಲಿಗೆ ಕೊಂಡುಹೋದೆವು. ಅಷ್ಟು ಸಣ್ಣ ಕೈಯಿಂದ ರಕ್ತ ತೆಗೆಯುವುದನ್ನು ನನಗೆ ನೋಡಲಾಗಲಿಲ್ಲ. ರಿಪೋರ್ಟಿಗೆ ಎರಡು ದಿನ. ಅಭಿಮಾನವಿದ್ದವ ಸುಮ್ಮನೆ ಕೂರುವುದಾದರೂ ಹೇಗೆ? ಗಿಲಕಿಯನ್ನು ಜೇಬಿಗೆ ಹಾಕಿಕೊಂಡು ಆಂಟಾಪ್ ಹಿಲ್ಲಿಗೆ, ಅದಕ್ಕೆ ಬಣ್ಣ ಬಳಿಯುವವನ ಖೋಲಿಗೆ ಹೋದೆ. ನನ್ನ ಹುಡುಕಾಟ ಅರ್ಧ ನಿಮಿಷದಲ್ಲಿ ಮುಗಿಯಿತು. ಅವನು ಹೆಮ್ಮೆಯಿಂದಲೇ ಡಬ್ಬಿ ತೋರಿಸಿದ: "ಗೇಟ್ ಕಾ ಪೇಂಟ್ ಹೈ ಶೇಠ್! ಬಾರಿಶ್ ಮೇಂ ಭೀ ನಹೀಂ ಜಾತಾ." ಮುಂಬಯಿ ಮಳೆಗೆ ಹೋಗದ ಬಣ್ಣ ನನ್ನ ಮೊಮ್ಮಗಳ ಜೊಲ್ಲಿಗೆ ಹೋಗಿತ್ತು. ಅವನನ್ನು ಬೈಯೋಣವೆಂದರೆ, ಇಷ್ಟು ವರ್ಷಗಳಲ್ಲಿ ಯಾವ ಬಣ್ಣ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ರುಚಿ ನೋಡಿದ್ದೆ, ಅಷ್ಟೆ. ಲೋಕಲ್ ರೈಲಿನಲ್ಲಿ ವಾಪಸು ಬರುವಾಗ, ಕಿಟಕಿಯ ಹತ್ತಿರ ತಾಯಿಯ ತೊಡೆಯ ಮೇಲೆ ಮಲಗಿದ್ದ ಪ್ರತಿ ಮಗುವೂ ನನ್ನದೇ ಗಿರಾಕಿ ಇರಬಹುದೆಂದು ತಲೆ ತಗ್ಗಿಸಿದೆ.

ಎರಡನೇ ದಿನ ಮಗಳ ಫೋನು. "ರಿಪೋರ್ಟ್ ಠೀಕ್ ಹೈ ಪಪ್ಪಾ. ಚಿಂತೆ ಇಲ್ಲ. ಬೇಗ ನೋಡಿದ್ದು ಒಳ್ಳೇದಾಯ್ತು ಅಂದ್ರು ಡಾಕ್ಟರ್." ಅಂಗಡಿಯ ಶಟರು ಅರ್ಧ ಎಳೆದು ಒಳಗೆ ಕೂತು ಅತ್ತೆ. ಆಮೇಲೆ ಎದ್ದು ಬಣ್ಣದ ಗಿಲಕಿ, ಬುಗುರಿ, ಕುದುರೆಗಳನ್ನೆಲ್ಲ ಇಳಿಸಿದೆ. ಯಾರೂ ಕಸದಿಂದ ಹೆಕ್ಕಿ ಮಕ್ಕಳಿಗೆ ಕೊಡಬಾರದೆಂದು ಎಲ್ಲವನ್ನೂ ಚೀಲದಲ್ಲಿ ಹೊಲಿದು, ವಿಷದ ಕಸವೆಂದು ಬರೆದು, ಪಾಲಿಕೆಯವರ ಕೈಗೇ ಒಪ್ಪಿಸಿದೆ. ಹೊಸ ಮಾಲು ತಂದೆ, ಮುದ್ರೆ ಇದ್ದದ್ದು ಮಾತ್ರ. ಬೋರ್ಡಿನಲ್ಲಿ ಬರೆಸಿದೆ: ಮುಂಚೆ ಇಲ್ಲಿ ಕೊಂಡ ಬಣ್ಣದ ಆಟಿಕೆ ತಂದುಕೊಡಿ, ಹೊಸದು ಒಯ್ಯಿರಿ.

ನಿನ್ನೆ ಹಳೆಯ ಗಿರಾಕಿ, ಮರಾಠಿ ಹೆಂಗಸೊಬ್ಬಳು ಬಂದಳು. ಹೊಸ ಗಿಲಕಿ ಕೊಟ್ಟು, ಮುದ್ರೆ ಇರುವ ಜಾಗಕ್ಕೆ ಬೆರಳಿಟ್ಟು ತೋರಿಸಿದೆ. ಅವಳು ಮುದ್ರೆ ನೋಡಲಿಲ್ಲ, ನನ್ನ ಬಾಯಿ ನೋಡಿದಳು. "ಅಂಕಲ್, ಕಾಟ್ ಕೇ ನಹೀಂ ದಿಖಾಯಾ?" ಇನ್ನು ಕಚ್ಚುವುದಿಲ್ಲ ಎಂದೆ. "ಮಗ್ ರಾಹೂ ದ್ಯಾ," ಹಾಗಾದರೆ ಇರಲಿ ಬಿಡಿ, ಎಂದು ಅನುಮಾನದಿಂದ ಕೆಳಗಿಟ್ಟು, ಬೇರೆ ಅಂಗಡಿಗೆ ನಡೆದಳು. ಮೂವತ್ತು ವರ್ಷ ನಾನೇ ಕಲಿಸಿದ ಪಾಠ. ಅವಳು ನನಗಿಂತ ಒಳ್ಳೆಯ ವಿದ್ಯಾರ್ಥಿ.

ಈಗ ನನ್ನಲ್ಲಿ ಇರುವುದು ಇಷ್ಟು: ಮುದ್ರೆಯಿದ್ದ ಆಟಿಕೆ ಅರವತ್ತೆರಡು, ಖಾಲಿ ಕಪಾಟು ಮೂರು, ವಾಪಸು ಬಂದ ಹಳೆಯ ಗಿಲಕಿ ಹದಿನಾಲ್ಕು, ಹೆಂಡತಿ ಒಬ್ಬಳು, ಮಗಳು ಒಬ್ಬಳು, ಹೊಸದಾಗಿ ಎರಡು ಹಲ್ಲು ಬಂದ ಮೊಮ್ಮಗಳು ಒಬ್ಬಳು, ಮತ್ತು ಅವಳು ಕಚ್ಚಲೆಂದು, ಮಗಳ ಅಪ್ಪಣೆಯಂತೆ ಸೋಪು ಹಾಕಿ ತೊಳೆದ ತೋರುಬೆರಳು ಒಂದು.