ಗುಡುಗಣ್ಣನ ಮರುಸೇರ್ಪಡೆ ಕುರಿತು

ಇಂದ,
ಗುಡುಗು (ಇದು ಮೊಬೈಲ್ ಆಟದಲ್ಲಿನ ಹೆಸರು),
ವಯಸ್ಸು ಐವತ್ನಾಲ್ಕು, ಹೆಂಗಸು,
ಗುಮಾಸ್ತೆ, ಟಪಾಲು ಶಾಖೆ,
ಎರಡನೇ ಮಹಡಿ, ಕಿಟಕಿಯಿಲ್ಲದ ಕೋಣೆ.

ಗೆ,
ಮಾನ್ಯ ದಳಪತಿಗಳು,
‘ಹಠಮಾರಿಗಳು’ ತಂಡ
(ಹೊಟ್ಟೆಪಾಡಿಗೆ ಲಿಫ್ಟ್ ರಿಪೇರಿ).

ವಿಷಯ: ಸತತ ಮೂರು ಭಾನುವಾರ ಗೈರುಹಾಜರಾದ ಕಾರಣಕ್ಕೆ ತಂಡದಿಂದ ತೆಗೆದುಹಾಕಲಾದ ನನ್ನನ್ನು ವಾಪಸು ಸೇರಿಸಿಕೊಳ್ಳುವ ಬಗ್ಗೆ.

ಉಲ್ಲೇಖ:
1. ತಂಡದ ನಿಯಮಾವಳಿ, ನಿಯಮ ಒಂಬತ್ತು. ಕರಡು ಸಿದ್ಧಪಡಿಸಿದವರು: ಅರ್ಜಿದಾರರೇ.
2. ತಮ್ಮ ಸಂದೇಶ: “ಸಾರಿ ಗುಡುಗಣ್ಣ, ರೂಲ್ ಒಂಬತ್ತು. ನೀವೇ ಬರ್ದಿದ್ದು.”

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

1. ತಾವು ಮೂರು ವರ್ಷದಿಂದ ‘ಗುಡುಗಣ್ಣ’ ಎಂದು ಕರೆಯುತ್ತಿರುವ ವ್ಯಕ್ತಿ ಅಣ್ಣನಲ್ಲ. ಮೈಕ್ ಕೆಟ್ಟಿದೆ ಎಂದು ನಾನು ಹೇಳುತ್ತ ಬಂದದ್ದು ಶುದ್ಧ ಸುಳ್ಳು. ಮೈಕ್ ಗಟ್ಟಿಮುಟ್ಟಾಗಿದೆ. ನನ್ನ ದನಿ ನಿಮ್ಮೆಲ್ಲರ ಅಮ್ಮಂದಿರ ದನಿಯಂತಿರುವ ಕಾರಣ ಎಲ್ಲವನ್ನೂ ಟೈಪ್ ಮಾಡಿಯೇ ತಿಳಿಸುತ್ತಿದ್ದೆ.

2. ತಂಡದಲ್ಲಿ ನನ್ನ ಹುದ್ದೆ ಬಿದ್ದವರನ್ನು ಎತ್ತುವುದು. ಗುಂಡು ತಗುಲಿ ಬಿದ್ದವರ ಪಕ್ಕ ಹತ್ತು ಸೆಕೆಂಡು ಅಲ್ಲಾಡದೆ ಕೂತರೆ ಅವರು ಮತ್ತೆ ಎದ್ದು ಓಡುತ್ತಾರೆ. ಅಲ್ಲಾಡದೆ ಕೂರುವುದರಲ್ಲಿ ನನಗೆ ಮೂವತ್ತು ವರ್ಷದ ಸರ್ಕಾರಿ ಅನುಭವವಿದೆ. ತಮ್ಮನ್ನಂತೂ ಇದುವರೆಗೆ ಇನ್ನೂರಕ್ಕೂ ಹೆಚ್ಚು ಬಾರಿ ಎತ್ತಿದ್ದೇನೆ. ಲಿಫ್ಟ್ ರಿಪೇರಿಯಲ್ಲಿ ತಾವು ಹೇಗೋ ಗೊತ್ತಿಲ್ಲ, ಯುದ್ಧದಲ್ಲಿ ತಮ್ಮಷ್ಟು ಸಲೀಸಾಗಿ ಬೀಳುವವರನ್ನು ನಾನು ಕಂಡಿಲ್ಲ.

3. ಗೈರುಹಾಜರಿಗೆ ಕಾರಣ ಪಿತ್ತಕೋಶದಲ್ಲಿ ಸಿಕ್ಕ ಹನ್ನೊಂದು ಕಲ್ಲು. ಕಲ್ಲು ತೆಗೆದ ಮೇಲೆ ಗಾಯ ಕೀವು ಕಟ್ಟಿದ ಕಾರಣ ಮೂರು ವಾರ ಆಸ್ಪತ್ರೆಯಲ್ಲಿದ್ದೆ. ಆ ಅವಧಿಯಲ್ಲಿ ನನ್ನನ್ನು ನೋಡಲು ಬಂದವರ ವಿವರ ಹೀಗಿದೆ.

ಮೇಲಧಿಕಾರಿಗಳು ಎರಡು ಕಿಲೋ ಸೇಬು ಹಿಡಿದು ಬಂದರು. “ಬೇಗ ಹುಷಾರಾಗಿ ಮೇಡಂ. ಅಂದ್ಹಾಗೆ, ಆ ಹಸಿರು ಬೀರುವಿನ ಕೀ ಎಲ್ಲಿಟ್ಟಿದೀರಾ?” ಎಂದರು. ಹೇಳಿದೆ. ಸೇಬನ್ನು ಮೇಜಿನ ಮೇಲಿಡಲೂ ಮರೆತು, ಕೈಯಲ್ಲೇ ಹಿಡಿದುಕೊಂಡು ಹೊರಟುಹೋದರು.

ನಾದಿನಿ ಬಂದು ಕಾಲಬುಡದಲ್ಲಿ ಕೂತು, “ನಿಮಗೇನ್ ಬಿಡಿ ಅತ್ತಿಗೆ, ಆರಾಮಾಗಿ ಮಲ್ಕೊಂಡಿದೀರಾ. ನನ್ನ ಸೊಂಟ ನೋವು ಯಾರಿಗ್ ಹೇಳ್ಲಿ?” ಎಂದಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಅವಳ ಸೊಂಟದ ಕಥೆಯನ್ನು ಒಂದು ಗಂಟೆ ಕೇಳಿಸಿಕೊಂಡೆ.

ಮಗ ನನ್ನ ಫೋನನ್ನು ತನ್ನ ಬಳಿ ಇಟ್ಟುಕೊಂಡು, ಉಪಕಾರ ಮಾಡುವವನಂತೆ ಆಟವನ್ನು ಅಳಿಸಿಹಾಕಿದ. “ಅಮ್ಮ, ಈ ವಯಸ್ಸಲ್ಲಿ ಬಂದೂಕು ಹಿಡ್ಕೊಂಡು ಓಡಾಡ್ತೀಯಲ್ಲಾ, ಜನ ಏನಂತಾರೆ?” ಎಂದ. “ಜನ ಏನೂ ಅನ್ನಲ್ಲ ಕಣೋ, ಅವ್ರೂ ಅದನ್ನೇ ಆಡ್ತಿರ್ತಾರೆ” ಎಂದೆ. ಹೆತ್ತ ತಾಯಿ ಭಾನುವಾರ ಮಧ್ಯಾಹ್ನ ಏನು ಮಾಡುತ್ತಾಳೆಂದು ಮೂರು ವರ್ಷ ವಿಚಾರಿಸದವನಿಗೆ ಜನರ ಚಿಂತೆ ಹತ್ತಿದ್ದು ಆವತ್ತೇ.

4. ಇಷ್ಟು ಬಂಧುಬಳಗ ಇದ್ದೂ ಈ ಅರ್ಜಿ ಯಾಕೆ ಎಂದು ತಾವು ಕೇಳಬಹುದು. ಕಚೇರಿಯಲ್ಲಿ “ಊಟ ಆಯ್ತಾ ಮೇಡಂ?” ಎಂದು ಕೇಳುವವರು ಉತ್ತರ ಬರುವಷ್ಟರಲ್ಲಿ ಮೆಟ್ಟಿಲಿಳಿದಿರುತ್ತಾರೆ. ನಿಮ್ಮ ತಂಡದಲ್ಲಿ “ಊಟ ಆಯ್ತಾ ಅಣ್ಣ?” ಎಂದು ಕೇಳಿ, ನಾನು ಒಂದೊಂದೇ ಅಕ್ಷರ ಒತ್ತಿ ಮುಗಿಸುವ ತನಕ ಐದೂ ಜನ ಆಟ ನಿಲ್ಲಿಸಿ ಕಾದಿದ್ದೀರಿ. ಆ ಹೊತ್ತಿನಲ್ಲಿ ಎರಡು ಸಲ ಶತ್ರುಗಳು ಬಂದು ನಮ್ಮನ್ನು ಸಾಲಾಗಿ ಮಲಗಿಸಿಹೋದರು. ಯಾರೂ ನನ್ನನ್ನು ಬೈಯಲಿಲ್ಲ. ಹಾಗೆ ನನಗಾಗಿ ಯಾರೂ ಎಲ್ಲಿಯೂ ಕಾದಿರಲಿಲ್ಲ, ಆದ್ದರಿಂದ ನನಗೆ ಅಲ್ಲಿಗೇ ವಾಪಸು ಬರಬೇಕಾಗಿದೆ.

5. ನಿಯಮದ ಮಾತಿಗೆ ಬರೋಣ. ನಾನು ಸೇರಿದಾಗ ತಂಡಕ್ಕೆ ಒಂದೇ ಒಂದು ನಿಯಮವೂ ಇರಲಿಲ್ಲ. ನಗುನಗುತ್ತಾ ಸೋಲುತ್ತಿದ್ದಿರಿ. ಟಪಾಲು ಶಾಖೆಯವಳ ಕೈ ಸುಮ್ಮನಿರುತ್ತದೆಯೇ? ಹದಿನಾಲ್ಕು ನಿಯಮ ಬರೆದು, ಕ್ರಮಸಂಖ್ಯೆ ಕೊಟ್ಟು, ಎಲ್ಲರಿಂದ ‘ಓದಿದ್ದೇನೆ’ ಎಂದು ಬರೆಸಿಕೊಂಡೆ. ಒಂಬತ್ತನೆಯದು ಹೀಗಿದೆ: “ಮುಂಚಿತವಾಗಿ ತಿಳಿಸದೆ ಸತತ ಮೂರು ಭಾನುವಾರ ಗೈರುಹಾಜರಾದ ಸದಸ್ಯರನ್ನು, ತಕ್ಕ ಪುರಾವೆ ಇಲ್ಲದಿದ್ದಲ್ಲಿ, ಕೈಬಿಡತಕ್ಕದ್ದು.” ಮಾಡಿದ್ದುಣ್ಣೋ ಮಹರಾಯ ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಕರಡು ಇರಲಾರದು. ಪುರಾವೆಯಾಗಿ ಆಸ್ಪತ್ರೆಯ ಚೀಟಿ ಲಗತ್ತಿಸಿದ್ದೇನೆ.

6. ಆ ಚೀಟಿಯ ಫೋಟೋ ಕಳಿಸಲು ವಾಟ್ಸಾಪ್ ತೆರೆದಾಗ ತಂಡದವರ ಹಳೆಯ ಸಂದೇಶಗಳು ಕಣ್ಣಿಗೆ ಬಿದ್ದವು. ಕಾರಣ, ಈ ಕೆಳಗಿನದನ್ನೂ ಬರೆಯಲೇಬೇಕಾಗಿದೆ.

ನಾಲ್ಕು ತಿಂಗಳ ಹಿಂದೆ ಇದೇ ನಿಯಮದಡಿ ‘ಗೂಬೆ’ ಎಂಬ ಸದಸ್ಯನನ್ನು ಕೈಬಿಡಲಾಯಿತು. ಕೈಬಿಟ್ಟವರು ತಾವಲ್ಲ. ತಮಗೆ ಮನಸ್ಸಿರಲಿಲ್ಲ, ನಿಯಮ ತೋರಿಸಿ ಹಟ ಹಿಡಿದವಳು ನಾನು. ಅವನು ನನಗೆ ಬರೆದಿದ್ದ: “ಅಣ್ಣ, ಅಮ್ಮ ಹೋಗ್ಬಿಟ್ರು. ಅದಕ್ಕೇ ಬರೋಕಾಗ್ಲಿಲ್ಲ. ಈ ಭಾನುವಾರ ಬರ್ಲಾ?” ನಾನು “ಪುರಾವೆ ಲಗತ್ತಿಸಿ” ಎಂದು ಉತ್ತರಿಸಿದೆ. ಅವನು ಒಂದು ಫೋಟೋ ಕಳಿಸಿದ. ಖಾಲಿ ಮಂಚ, ಅದರ ಮೇಲೆ ಮಡಚಿಟ್ಟ ಹೆಂಗಸರ ಸ್ವೆಟರ್, ಅದರ ಮೇಲೆ ಒಂದು ಕನ್ನಡಕ. ನಾನು “ಇದು ದಾಖಲೆಯಲ್ಲ” ಎಂದು ಷರಾ ಬರೆದೆ. ಆಮೇಲೆ ಅವನು ಬರೆಯಲಿಲ್ಲ. ಅವನ ಜಾಗಕ್ಕೆ ಹೊಸಬರು ಬಂದರು.

ನಾನು ಮೇಲಧಿಕಾರಿಯನ್ನು, ನಾದಿನಿಯನ್ನು, ಮಗನನ್ನು ಈ ಅರ್ಜಿಯಲ್ಲಿ ಸಾಕಷ್ಟು ಹಳಿದಿದ್ದೇನೆ. ಅವರಲ್ಲಿ ಯಾರೂ ಅಂಥದ್ದೊಂದು ಸಾಲು ಬರೆದವರಲ್ಲ. ನನಗೆ ನನ್ನ ಬಗ್ಗೆ ಹೇಸಿಗೆಯಾಗಿದೆ. ಕಚೇರಿ ಭಾಷೆಯಲ್ಲಿ ಇದಕ್ಕೆ ಪದವಿಲ್ಲ, ಹುಡುಕಿ ನೋಡಿದೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳನ್ನು ಪರಿಶೀಲಿಸಿ, ನಿಯಮ ಒಂಬತ್ತನ್ನು ಈ ಕೂಡಲೇ ರದ್ದುಪಡಿಸಿ, ತದನಂತರ ನನ್ನ ಮನವಿಯನ್ನು ಪರಿಗಣಿಸಬೇಕೆಂದು ಕೋರುತ್ತೇನೆ. ಅಣ್ಣ ಎಂದೇ ಕರೆಯಲು ನನ್ನ ಆಕ್ಷೇಪಣೆ ಇರುವುದಿಲ್ಲ.

ಸದ್ಯಕ್ಕೆ ಹೊರಗೆ ನಿಂತಿರುವ
ತಮ್ಮ ವಿಶ್ವಾಸಿ,
ಗುಡುಗು

ಲಗತ್ತುಗಳು:
1. ಆಸ್ಪತ್ರೆಯ ಬಿಡುಗಡೆ ಚೀಟಿ.
2. ಹನ್ನೊಂದು ಕಲ್ಲುಗಳ ಫೋಟೋ (ಡಬ್ಬಿ ಸಮೇತ).
3. ಗೂಬೆ ಕಳಿಸಿದ ಫೋಟೋ. ಇದು ದಾಖಲೆಯೇ.

ವಿಶೇಷ ಸೂಚನೆ: ತಂಡದಲ್ಲಿ ಈಗ ಖಾಲಿ ಇರುವುದು ಒಂದೇ ಜಾಗ ಎಂದು ತಿಳಿದುಬಂದಿದೆ. ಅದನ್ನು ಮೊದಲು ಗೂಬೆಗೆ ಕೊಡತಕ್ಕದ್ದು. ಅವನು ಬಂದರೆ ನನ್ನ ಈ ಅರ್ಜಿಯನ್ನು ತಿರಸ್ಕರಿಸತಕ್ಕದ್ದು; ಉತ್ತರ ಕಳಿಸುವ ಅಗತ್ಯವಿಲ್ಲ. ಬಂದವನನ್ನು ಏನನ್ನೂ ಕೇಳಬಾರದು; ಊಟ ಆಯ್ತಾ ಎಂದು ಮಾತ್ರ ಕೇಳಿ, ಅವನು ಹೇಳುವ ತನಕ ಕಾಯಬೇಕಾಗಿ ವಿನಂತಿ.