ಬೀಗರ ಹೆಗಲೇರಿದ ಚರ್ಮದ ಕೋಟು

ಗಂಡನನ್ನು ಬೆಂಕಿಯ ಬಾಯಿಂದ ಬಿಡಿಸಿಯೇ ತೀರುತ್ತೇನೆ! ಹಾಗೆಂದು ನಾನು ಶಪಥ ಮಾಡಿದಾಗ ನಮ್ಮೂರು ಅಟ್‌ಬಾಶಿಯ ಬೆಟ್ಟಗಳ ಮೇಲೆ ಹಿಮ ಇನ್ನೂ ಕರಗಿರಲಿಲ್ಲ. ನನ್ನ ತಲೆ ಮಾತ್ರ ಆಗಲೇ ಕುದಿಯುತ್ತಿತ್ತು.

ನನ್ನ ಗಂಡ ಮೆಡೆರ್ ನಮ್ಮೂರಿನ ವೆಲ್ಡರ್. ಊರಿನ ಅರ್ಧದಷ್ಟು ಮನೆಗಳ ಗೇಟು ಅವನ ಕೈಯದೇ. ಕಬ್ಬಿಣದಲ್ಲಿ ಅವನು ಟಗರಿನ ಕೊಂಬಿನ ಸುರುಳಿ ಬಗ್ಗಿಸಿದನೆಂದರೆ ದಾರಿಯಲ್ಲಿ ಹೋಗುವ ಟಗರು ನಿಂತು ನೋಡಬೇಕು! ಇಂಥ ಕಲಾವಿದ ಕೆಲಸಕ್ಕೆ ನಿಲ್ಲುವ ವೇಷ ಕೇಳಿ. ಮೇಲೆ ತೋಳಿಲ್ಲದ ಬನಿಯನ್ನು, ಕೆಳಗೆ ಬಿಳಿ ಪಟ್ಟೆಯ ನೈಲಾನ್ ಟ್ರ್ಯಾಕ್ ಪ್ಯಾಂಟು, ಕಾಲಿಗೆ ರಬ್ಬರ್ ಚಪ್ಪಲಿ. ಕಬ್ಬಿಣ ಕರಗಿ ನೀರಾಗುವ ಶಾಖದೆದುರು ಮನುಷ್ಯ ಸ್ನಾನಕ್ಕೆ ಹೊರಟವನಂತೆ ನಿಂತಿರುತ್ತಾನೆ. ಮುಖಗವಚ ಇಲ್ಲವೇ ಎಂದು ಕೇಳಬೇಡಿ. ಇದೆ. ಅದರಲ್ಲಿ ಮೊಳೆ ಹಾಕಿಟ್ಟುಕೊಂಡಿದ್ದಾನೆ.

"ಕಣ್ಣಿನ ಗತಿ ಏನು?" ಎಂದು ಕೇಳಿದೆ.

"ಮುಚ್ಚಿಕೊಳ್ತೀನಲ್ಲ."

"ಕಣ್ಣು ಮುಚ್ಕೊಂಡು ಬೆಸುಗೆ ಹಾಕ್ತೀಯಾ?"

"ಕೈಗೆ ದಾರಿ ಗೊತ್ತು."

"ಮೈಗೆ?"

"ಬೆಂಕಿಗೂ ನನಗೂ ಹಳೇ ಪರಿಚಯ ಕಣೇ, ಜಿಪಾರ್. ಅದು ನನ್ನನ್ನ ಏನೂ ಮಾಡಲ್ಲ."

ಆ ಪರಿಚಯಸ್ಥ ದಿನಾ ಬಂದು ಅವನ ಎದೆಯ ಮೇಲೆ ಸಹಿ ಹಾಕಿ ಹೋಗುತ್ತಿದ್ದ. ಕುತ್ತಿಗೆಯಿಂದ ಹೊಟ್ಟೆಯವರೆಗೆ ಸಣ್ಣ ಸಣ್ಣ ಚುಕ್ಕಿಗಳು, ಬೇಸಿಗೆಯ ಹುಲ್ಲುಗಾವಲಿನ ಮೇಲಿನ ಆಕಾಶದ ಹಾಗೆ. ಬೇರೆ ಹೆಂಡತಿಯಾಗಿದ್ದರೆ ಆ ನಕ್ಷತ್ರಗಳನ್ನು ಪ್ರೀತಿಯಿಂದ ಎಣಿಸುತ್ತಿದ್ದಳೇನೋ. ನಾನು ಹಲ್ಲು ಕಡಿಯುತ್ತ ಎಣಿಸುತ್ತಿದ್ದೆ. ಸಂಜೆಯಾದರೆ ಕಣ್ಣು ಕೆಂಪಗೆ ಊದಿಕೊಂಡು "ಮರಳು ಬಿದ್ದಂಗಿದೆ" ಎಂದು ಮಲಗಿಬಿಡುತ್ತಿದ್ದ. ನಮ್ಮಲ್ಲಿ ಅದಕ್ಕೆ ಮದ್ದು ಹಸಿ ಆಲೂಗಡ್ಡೆ. ಸಾರಿಗೆಂದು ನಾನು ಹೆಚ್ಚಿಟ್ಟ ಬಿಲ್ಲೆಗಳು ಎದ್ದು ಹೋಗಿ ಅವನ ಎರಡೂ ಕಣ್ಣಿನ ಮೇಲೆ ಕೂರುತ್ತಿದ್ದವು. ಆಮೇಲೆ ಊಟಕ್ಕೆ ಕೂತು, "ಸಾರಲ್ಲಿ ಆಲೂಗಡ್ಡೆ ಎಲ್ಲಿ?" ಎಂದು ಕೇಳುತ್ತಿದ್ದವನೂ ಅವನೇ!

"ನಿನ್ನ ಮುಖದ ಮೇಲಿದೆ!"

ನನ್ನ ಕೈಗಳ ಮೇಲೂ ಒಂದಿಷ್ಟು ಕಲೆಗಳಿವೆ, ಇಲ್ಲವೆನ್ನುವುದಿಲ್ಲ. ಬೂರ್ಸೋಕ್ ಕರಿಯುವಾಗ ಕೊಪ್ಪರಿಗೆಯ ಎಣ್ಣೆ ಸಿಡಿದದ್ದು. ಹಿಟ್ಟಿನ ತುಂಡುಗಳನ್ನು ಕುದಿಯುವ ಎಣ್ಣೆಗೆ ಬಿಟ್ಟರೆ ಸಿಡಿಯದೆ ಇರುತ್ತದೆಯೇ? ಅದು ಅಡುಗೆ, ಅದರ ಮಾತು ಬೇರೆ. ಪ್ರಸಂಗ ಬಂತು, ಹೇಳಿದೆ, ಅಷ್ಟೆ.

ನನ್ನ ಶಪಥಕ್ಕೆ ಕಾರಣವಾದದ್ದು ನಮ್ಮ ಮನೆಯದೇ ಗೇಟು. ಮೆಡೆರನ ತಂಗಿ ಬೆರ್ಮೆತ್‌ಳ ಮದುವೆ ಹಿಂದಿನ ಶರತ್ಕಾಲದಲ್ಲಿ ಆಗಿತ್ತು. ವಸಂತಕ್ಕೆ ಬೀಗರು ಮೊದಲ ಸಲ ಊಟಕ್ಕೆ ಬರುವವರಿದ್ದರು. ನಮ್ಮ ಅತ್ತೆ ಅಂಗಳದಲ್ಲಿ ನಿಂತು ಮಗನಿಗೆ ಮಂಗಳಾರತಿ ಎತ್ತಿದರು.

"ಊರಿಗೆಲ್ಲ ಗೇಟು ಮಾಡಿಕೊಟ್ಟೋನ ಮನೆಗೆ ತಂತಿ ಕಟ್ಟಿದ ಹಲಗೆ! ಬೀಗರು ತಂತಿ ಬಿಚ್ಕೊಂಡು ಒಳಗೆ ಬರ್ಬೇಕೇನೋ?"

ಮೆಡೆರ್ ಅಂದೇ ಶುರು ಮಾಡಿದ. ಅಂದೇ ಒಂದು ದಪ್ಪ ಕಿಡಿ ಅವನ ತೊಡೆಯ ಮೇಲೆ ಕೂತಿತು. ನೈಲಾನ್ ಹೊತ್ತಿ ಉರಿಯಲಿಲ್ಲ, ಕರಗಿ ಚರ್ಮವನ್ನು ಅಪ್ಪಿಕೊಂಡಿತು. ನಾನು ತಣ್ಣೀರು ಸುರಿಯುತ್ತಿದ್ದರೆ ಅತ್ತೆ ಬಟ್ಟಲು ತುಂಬ ಕೆನೆ ಹಿಡಿದು ಓಡಿ ಬಂದರು.

"ಕೆನೆ ರೊಟ್ಟಿಗೆ, ಅಪಾ! ಗಾಯಕ್ಕಲ್ಲ!" ಎಂದು ನಾನು ಅತ್ತೆಗೆ ಅಡ್ಡ ನಿಂತೆ.

"ಇವನಪ್ಪನ್ನ ಕೆನೆ ಹಚ್ಚೇ ನೋಡ್ಕೊಂಡೆ!"

"ಅದಕ್ಕೇ ಮಾವನವರು ಕೊನೇ ತನಕ ಕುಂಟಿದ್ದು!"

ಆಸ್ಪತ್ರೆಯ ದಾದಿ ಕರಗಿದ ನೈಲಾನನ್ನು ಚೂರು ಚೂರಾಗಿ ಬಿಡಿಸಿದಳು. ಮೆಡೆರ್ ಗೋಡೆ ನೋಡುತ್ತ ತುಟಿ ಕಚ್ಚಿಕೊಂಡಿದ್ದ. "ಇನ್ನೊಂದು ಸಲ ಹೀಗಾದ್ರೆ ಇಲ್ಲಿಗೆ ತರ್ಬೇಡಿ, ಕಾಲು ಉಳಿಸೋ ಆಸ್ಪತ್ರೆಗೆ ಕರ್ಕೊಂಡು ಹೋಗಿ" ಎಂದಳು. ನಾನು ಶಪಥ ಮಾಡಿದ್ದು ಆಗಲೇ. ಮರುದಿನ ನೋಡುತ್ತೇನೆ, ತೊಡೆಗೆ ಪಟ್ಟಿ ಕಟ್ಟಿಕೊಂಡ ಮಹಾರಾಯ ಮತ್ತೆ ಯಂತ್ರದ ಮುಂದೆ ನಿಂತಿದ್ದಾನೆ. ಮೈಮೇಲೆ ಇನ್ನೊಂದು ಟ್ರ್ಯಾಕ್ ಪ್ಯಾಂಟು!

ನಾನು ಕೋಟು ಹೊಲಿಯುವವಳು. ಬಟ್ಟೆಗಳ ಗುಣ ನನಗೆ ಗೊತ್ತು. ಉಣ್ಣೆ ಬೆಂಕಿಯೊಂದಿಗೆ ಜಗಳವಾಡುತ್ತದೆ, ಹತ್ತಿ ಸೋತು ಸುಡುತ್ತದೆ, ನೈಲಾನ್ ಬೆಂಕಿಯ ಪಕ್ಷ ಸೇರಿ ಮನೆಯವರನ್ನೇ ಕಚ್ಚುತ್ತದೆ. ಹೊಲಿಗೆಯ ಕೂಲಿಯನ್ನೆಲ್ಲ ಬಾಚಿಕೊಂಡು ಬಜಾರಿಗೆ ಹೋಗಿ ವೆಲ್ಡರುಗಳ ಚರ್ಮದ ಕೋಟು ತಂದೆ. ಜೇನುಬಣ್ಣದ ದಪ್ಪ ಚರ್ಮ, ಗಂಟಲವರೆಗೆ ಗುಂಡಿ, ಮೊಣಕಾಲಿನವರೆಗೆ ಉದ್ದ. ಅದರ ಜೇಬಿನಲ್ಲಿ ಮೊಣಕೈ ಮುಟ್ಟುವ ಕೈಗವಸುಗಳು. ಮೊದಲೇ ತೋರಿಸಿದರೆ ಇವನು ಅದನ್ನು ಯಾರಿಗೋ ಕೊಟ್ಟು ವೆಲ್ಡಿಂಗ್ ರಾಡು ತಂದುಬಿಡುತ್ತಾನೆ. ಗೇಟಿಗೆ ಕೊನೆಯ ಕೊಂಬಿನ ಸುರುಳಿ ಕೂರಿಸುವ ದಿನ ನಾನೇ ತೊಡಿಸಬೇಕೆಂದು, ಗಂಡಸರು ಯಾರೂ ಮುಟ್ಟದ ಜಾಗದಲ್ಲಿ ಬಚ್ಚಿಟ್ಟೆ. ರಜಾಯಿಗಳ ರಾಶಿಯ ಕೆಳಗಿನ ಅತ್ತೆಯ ಪೆಟ್ಟಿಗೆಯಲ್ಲಿ, ಹೊಸ ಪೊಟ್ಟಣದ ಸಮೇತ. ಪ್ರಪಂಚದಲ್ಲೇ ಸುರಕ್ಷಿತ ಜಾಗ!

ಅಯ್ಯೋ ನನ್ನ ಬುದ್ಧಿಯೇ! ಆ ಪೆಟ್ಟಿಗೆಯ ಧರ್ಮ ನನಗೆ ಗೊತ್ತಿರಲಿಲ್ಲವೇ? ಅದರೊಳಗೆ ಹೊಸ ಪೊಟ್ಟಣದಲ್ಲಿ ಏನಿದ್ದರೂ ಅದು ಬೀಗರಿಗೆ ಹೊದಿಸುವ ಉಡುಗೊರೆ. ಅಂಗಿ, ಶಾಲು, ಕೋಟು ಎಲ್ಲವೂ ಪೊಟ್ಟಣ ಬಿಚ್ಚಿಸಿಕೊಳ್ಳದೆ ಮನೆಯಿಂದ ಮನೆಗೆ ಯಾತ್ರೆ ಹೋಗುತ್ತವೆ. ನಮ್ಮ ಮನೆಯ ಒಂದು ನೀಲಿ ಅಂಗಿ ನನಗಿಂತ ಹೆಚ್ಚು ಊರು ನೋಡಿ ವಾಪಸ್ ಬಂದಿದೆ!

ಬೀಗರು ಬಂದ ದಿನ ಗೇಟಿಗೆ ಒಂದು ಕೊಂಬು ಇನ್ನೂ ಬಾಕಿಯಿತ್ತು. ಬೀಗರಾದ ಶರ್ಶೆನ್ ಬೆಟ್ಟದಂಥ ಆಳು. ಮೇಲೆ ಬಿಳಿಯ ಉಣ್ಣೆಯ ಟೋಪಿ, ಬೆಟ್ಟಕ್ಕೆ ಹಿಮದ ಹಾಗೆ. ಕುರಿ ಬೆಂದಿತು, ಊಟ ಮುಗಿಯಿತು, ನಾನು ಸೊಸೆಯ ಜಾಗದಲ್ಲಿ ಕೂತು ಚಹಾ ಬಗ್ಗಿಸುತ್ತಿದ್ದೆ. ಒಳಗಿನಿಂದ ಪರಪರ ಸದ್ದು. ಅತ್ತೆ ಪೊಟ್ಟಣ ಹಿಡಿದು ಬಂದರು. ನನ್ನ ಪೊಟ್ಟಣ!

"ನಮ್ಮ ಸೊಸೆಯೇ ಆರಿಸಿ ತಂದಿದ್ದು" ಎನ್ನುತ್ತ ಅತ್ತೆ ಕೋಟನ್ನು ಬೀಗರ ಹೆಗಲಿಗೆ ಹೊದಿಸಿದರು. "ನನಗೂ ಹೇಳಿರಲಿಲ್ಲ ನೋಡಿ! ಸದ್ದಿಲ್ಲದೆ ತಂದಿಟ್ಟಿದ್ಲು. ಎಂಥ ಮನಸ್ಸು!"

"ಆಹಾ, ಏನು ಚರ್ಮ!" ಬೀಗರು ತೋಳು ಸವರಿಕೊಂಡರು. "ಬೇಟೆಗೆ ಹೇಳಿ ಮಾಡಿಸಿದ ಹಾಗಿದೆ. ದೇವರು ನಿನ್ನ ಮಡಿಲು ತುಂಬಲಿ, ಮಗಳೇ!"

ಎಲ್ಲರೂ ಪದ್ಧತಿಯಂತೆ ಅಂಗೈಯಲ್ಲಿ ಮುಖ ಸವರಿಕೊಂಡು ನನ್ನನ್ನು ಹರಸಿದರು. ನಾನು ತಲೆ ಬಗ್ಗಿಸಿದೆ. ಹೊದಿಸಿದ ಉಡುಗೊರೆಯನ್ನು ವಾಪಸ್ ಕೇಳುವುದೂ ಒಂದೇ, ಮನೆತನದ ಮೂಗು ಕೊಯ್ದು ತಟ್ಟೆಯಲ್ಲಿಡುವುದೂ ಒಂದೇ. ಅಷ್ಟನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಪಕ್ಕಕ್ಕೆ ಬಾಗಿ ಮೆಡೆರ್ ಪಿಸುಗುಟ್ಟಿದ.

"ಬೀಗರಿಗೆ ಇಷ್ಟು ಒಳ್ಳೇದು ತಂದಿದ್ದೀಯ. ನನಗೆ ಎಂದಾದ್ರೂ ಇಂಥದ್ದು ತಂದಿದ್ದೀಯೇನೇ?"

ಕೆಟಲಿನ ಕೊಕ್ಕು ನನ್ನ ಕೈಯಲ್ಲಿ ಬಗ್ಗಿತು. ಬಗ್ಗಿಯೇ ಇತ್ತು. ಕಣ್ಣು ಗಂಡನ ಮೇಲೆ, ಚಹಾ ಬೀಗರ ಬಟ್ಟಲಿಗೆ. ನಮ್ಮಲ್ಲಿ ಅತಿಥಿಗೆ ಬಟ್ಟಲಿನ ತಳ ಮುಚ್ಚುವಷ್ಟೇ ಚಹಾ ಕೊಡುವುದು, ಮತ್ತೆ ಮತ್ತೆ ಕೊಡುವುದು. ಅಂಚಿನವರೆಗೆ ತುಂಬಿಸಿ ಕೊಟ್ಟರೆ ‘ಇದನ್ನು ಕುಡಿದು ಎದ್ದು ನಡೆಯಿರಿ’ ಎಂದರ್ಥ. ನಾನು ಅಂಚು ದಾಟಿಸಿ ತಟ್ಟೆಯನ್ನೂ ತುಂಬಿಸಿದ್ದೆ!

ಬೀಗರು ಬಟ್ಟಲು ನೋಡಿದರು, ನನ್ನನ್ನು ನೋಡಿದರು, ಟೋಪಿ ಸರಿಪಡಿಸಿಕೊಂಡರು. ಬೀಗಿತ್ತಿ ಶಾಲು ಎಳೆದುಕೊಂಡರು. ಅವರೊಂದಿಗೆ ಬಂದಿದ್ದ, ಆ ಮನೆಯಲ್ಲಿ ಬಾಳಬೇಕಾದ ಬೆರ್ಮೆತ್ ಬೆಳ್ಳಗಾದಳು.

"ಅಯ್ಯೋ, ಪಾಪ ಅವಳಿಗೆ ಕಣ್ಣು ಕಾಣ್ತಿಲ್ಲ!" ಎಂದು ಅತ್ತೆ ಕೂಗಿದರು. "ಇವನು ವೆಲ್ಡಿಂಗ್ ಮಾಡ್ವಾಗ ಆ ಬೆಳಕು ನೋಡ್ಬಿಟ್ಟಿದ್ದಾಳೆ. ಬೆಳಗ್ಗಿಂದ ಬಟ್ಟಲು ಯಾವ್ದು, ತಟ್ಟೆ ಯಾವ್ದು ಗೊತ್ತಾಗ್ತಿಲ್ಲ!"

"ಅಪಾ, ನನಗೇನೂ..."

"ಮಾತಾಡ್ಬೇಡ, ಕಣ್ಣಿಗೆ ಆಯಾಸ!"

ಮರುಕ್ಷಣ ನಾನು ದಿಂಬಿಗೆ ಒರಗಿ ಕೂತಿದ್ದೆ, ಎರಡೂ ಕಣ್ಣಿನ ಮೇಲೆ ಹಸಿ ಆಲೂಗಡ್ಡೆ. ತಣ್ಣನೆಯ ರಸ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಒಳಗೆ ಕೋಪ, ಹೊರಗೆ ತರಕಾರಿ!

"ಅಳ್ತಿದ್ದಾಳೆ, ಪಾಪ" ಎಂದರು ಬೀಗಿತ್ತಿ.

ಬೀಗರ ದನಿ ಮೆತ್ತಗಾಯಿತು. "ಬರೀ ನೋಡಿದವಳಿಗೇ ಹೀಗಾದ್ರೆ ಮಾಡೋ ನಿನ್ನ ಗತಿ ಏನಪ್ಪಾ, ಮೆಡೆರ್? ಬಾ, ಅದೆಂಥ ಬೆಂಕಿ ತೋರ್ಸು. ಆ ಕೊಂಬೂ ಕೂತುಬಿಡಲಿ."

ಬೇಡವೆನ್ನುವ ಜಾತಿಯೇ ಅವನದು? ಹಬ್ಬಕ್ಕೆಂದು ತೊಟ್ಟ ಮಿರಮಿರ ನೈಲಾನ್ ಅಂಗಿಯಲ್ಲೇ ಎದ್ದ! ನನ್ನನ್ನೂ ಕೈಹಿಡಿದು ಅಂಗಳದ ಬೆಂಚಿನ ಮೇಲೆ ಕೂರಿಸಿದರು. "ಬಟ್ಟೆ ಬದಲಾಯಿಸು!" ಎಂದು ಕತ್ತಲೆಯೊಳಗಿಂದಲೇ ಕಿರುಚಿದೆ.

"ನಿನಗೆ ಕಣ್ಣೇ ಕಾಣಲ್ವಲ್ಲ, ನಾನು ಏನು ಹಾಕಿದ್ದೀನಿ ಅಂತ ಹೇಗೆ ಗೊತ್ತು?" ಎಂದ ಪಾಪಿ!

ಯಂತ್ರ ಗುಂಯ್‌ಗುಟ್ಟಿತು. ಚರ್ರ್ ಎಂದಿತು. ಹೋ ಎಂಬ ಮೆಚ್ಚುಗೆ ಎದ್ದಿತು. ಗಾಳಿಯಲ್ಲಿ ಕರಗುವ ನೈಲಾನಿನ ವಾಸನೆ ತೇಲಿ ಬಂತು. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಆಲೂಗಡ್ಡೆ ಕಿತ್ತೆಸೆದು ಎದ್ದೆ. ಮೆಡೆರನ ತೋಳಿನ ಮೇಲೆ ಸಣ್ಣದೊಂದು ನೀಲಿ ನಾಲಗೆ ಹೆಗಲಿನತ್ತ ಏರುತ್ತಿತ್ತು. ನೀರಿನ ಬಕೆಟ್ಟಿನತ್ತ ಓಡಿದೆ. ಅಷ್ಟರಲ್ಲಿ ಶರ್ಶೆನ್ ಬೀಗರು ಹೆಗಲ ಮೇಲಿದ್ದ ಕೋಟು ಕಿತ್ತು ಅವನ ಮೇಲೆ ಬೀಸಿ, ಕುರಿಯನ್ನು ಹಿಡಿದಂತೆ ಅವನನ್ನು ಅಪ್ಪಿಕೊಂಡುಬಿಟ್ಟರು!

ಬೆಂಕಿ ಆರಿತು. ಬಿಡಿಸಿ ನೋಡಿದರೆ ತೋಳಿನ ಮೇಲೆ ಸ್ವಲ್ಪ ಕೆಂಪು, ಕೋಟಿನ ಮೇಲೆ ಒಂದು ಗೆರೆಯೂ ಇಲ್ಲ. ನಾನು ತೋಳನ್ನು ನೀರಿನಲ್ಲಿ ಅದ್ದಿ ಹಿಡಿದು, ಅವನ ಬೆನ್ನಿಗೆ ಒಂದು ಗುದ್ದು ಗುದ್ದಿದೆ. ಬೀಗರು ಕೋಟನ್ನು ಮತ್ತೆ ಮೆಡೆರನ ಹೆಗಲಿಗೇ ಹಾಕಿದರು.

"ಅಯ್ಯೋ ಬೀಗರೇ, ಉಡುಗೊರೆ ವಾಪಸ್ ಬಂದ್ರೆ ನಮಗೆ ಅವಮಾನ ಅಲ್ವೇ?" ಅತ್ತೆಗೆ ಅದೇ ಚಿಂತೆ.

"ವಾಪಸ್ ಯಾರು ಕೊಟ್ರು? ಇದು ನಮ್ಮ ಕಡೆಯಿಂದ ನಿಮ್ಮ ಮಗನಿಗೆ ಉಡುಗೊರೆ. ಹೊದಿಸಿದ್ದು ಹೊದಿಸಿದ್ದೇ!" ಎಂದರು ಬೀಗರು. "ಮೆಡೆರ್, ಇನ್ಮೇಲೆ ಇದನ್ನ ಹಾಕದೆ ಬೆಂಕಿ ಮುಟ್ಟಿದ್ರೆ ನನಗೆ ಅವಮಾನ ಮಾಡಿದ ಹಾಗೆ. ಮುಖಗವಚ ಎಲ್ಲಿ?"

ಮೆಡೆರ್ ಬೆಕ್ಕಿನಂತೆ ಹೋಗಿ ಮೊಳೆ ಸುರಿದು ತಂದ. ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದು ಗಾಳಿಗೆ ಹೋಯಿತು. ಬೀಗರು ಒಂದು ಸಲ ಕೆಮ್ಮಿದ್ದು ಕಾನೂನಾಯಿತು! ಕೋಟು, ಕೈಗವಸು, ಮುಖಗವಚ ತೊಟ್ಟು ಕರಡಿಯಂತೆ ನಿಂತು ಕೊನೆಯ ಕೊಂಬು ಕೂರಿಸಿದ. ಕಿಡಿಗಳು ಹೂವಿನಂತೆ ಎದೆಯ ಮೇಲೆ ಬಿದ್ದು, ಬಂದ ಕೆಲಸ ಮರೆತವರಂತೆ ಉರುಳಿ ಹೋದವು. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ನೋಡುತ್ತ ನನ್ನ ಕೋಪ ಅರ್ಧ ಕರಗಿತು. ಅವನು ಮುಖಗವಚ ಎತ್ತಿ ಬಾಯಿ ಬಿಟ್ಟ.

"ಜಿಪಾರ್, ಒಂದು ಕಿಡಿನೂ ತಾಗ್ಲಿಲ್ಲ ಕಣೇ! ಇಂಥದ್ದು ಒಂದಿದೆ ಅಂತ ನನಗೆ ಯಾರೂ ಹೇಳೇ ಇರ್ಲಿಲ್ಲ!"

ಕರಗಿದ ಕೋಪ ಆ ಕ್ಷಣವೇ ಮತ್ತೆ ಗಟ್ಟಿಯಾಯಿತು. ಆದರೆ ಬೀಗರೆದುರು ಬೈಯುವ ಹಾಗಿಲ್ಲವಲ್ಲ. ಹೊರಡುವವರಿಗೆ ಕಟ್ಟಿಕೊಡಲು ಬೂರ್ಸೋಕ್ ಕರಿಯುವುದಿತ್ತು, ಅಂಗಳದ ಒಲೆಯ ಮೇಲೆ ಎಣ್ಣೆ ಕಾದಿತ್ತು. ತೋಳು ಮಡಚಿ, ಹಿಟ್ಟಿನ ತುಂಡುಗಳನ್ನು ಗಂಡನೆಂದು ತಿಳಿದು ಎತ್ತರದಿಂದ ಎಸೆದೆ. ಎಣ್ಣೆ ಚಿಟ್ಟೆಂದು ಮೊಣಕೈವರೆಗೆ ಹಾರಿತು.

"ಅಯ್ಯೋ, ಸುಟ್ಟಿತಾ ಮಗಳೇ?" ಎಂದರು ಬೀಗಿತ್ತಿ.

"ಏನಿಲ್ಲ ಬಿಡಿ. ಎಣ್ಣೆಗೂ ನನಗೂ ಹಳೇ ಪರಿಚಯ."

ಹೇಳಿದ ಮೇಲೆ ನನಗೇ ಕೇಳಿಸಿತು. ಅಂಗಳದ ಆ ತುದಿಯಲ್ಲಿ ಕರಡಿ ನಿಧಾನವಾಗಿ ತಿರುಗಿತು. ಮೆಡೆರ್ ಬಂದು ನನ್ನ ಕೈಹಿಡಿದು ಬೆಳಕಿಗೆ ತಿರುಗಿಸಿದ. ಹಳೆಯದು, ಹೊಸದು, ಮಾಗಿದ್ದು, ಮಾಗದ್ದು. ಇಷ್ಟು ವರ್ಷಗಳಲ್ಲಿ ಅವನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

"ಇದೆಲ್ಲ ಏನೇ?"

"ಅದು... ಅದು ಅಡುಗೆ."

ಅವನು ನಗಲಿಲ್ಲ. ತನ್ನ ಕೈಗವಸುಗಳನ್ನು ಕಳಚಿ, ಬೀಗರೆಲ್ಲರ ಎದುರು, ಒಂದೊಂದಾಗಿ ನನ್ನ ಕೈಗೆ ತೊಡಿಸಿದ. ಚರ್ಮದೊಳಗೆ ಅವನ ಕೈಯ ಬಿಸಿ ಇನ್ನೂ ಇತ್ತು. ಎಲ್ಲರೂ ಮತ್ತೆ ಮುಖ ಸವರಿಕೊಂಡು ಹರಸಿದರು. ನನ್ನ ಕೋಪವೆಲ್ಲ ಇಳಿದು ಕಣ್ಣು ತುಂಬಿತು.

"ಸಾಕು, ತಗೋ" ಎಂದೆ ಮೆಲ್ಲಗೆ. "ಕೆಲಸಕ್ಕೆ ನಿನಗೇ ಬೇಕಲ್ಲ."

ಮೆಡೆರ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದ.

"ಛೆ ಛೆ! ತೊಡಿಸಿದ್ದು ತೊಡಿಸಿದ್ದೇ. ವಾಪಸ್ ತಗೊಂಡ್ರೆ ನಿನಗೆ ಅವಮಾನ ಕಣೇ!"

ಹಾಗೆಂದು ಸಿಳ್ಳೆ ಹಾಕುತ್ತ, ಬರಿಗೈಯಲ್ಲಿ, ಯಂತ್ರದ ಕಡೆ ನಡೆದ!

ಈಗ ಅವನು ಕೋಟು ತೊಟ್ಟು ಬರಿಗೈಯಲ್ಲಿ ಬೆಸುಗೆ ಹಾಕುತ್ತಾನೆ. ನಾನು ವೆಲ್ಡರುಗಳ ಕೈಗವಸು ತೊಟ್ಟು ಬೂರ್ಸೋಕ್ ಕರಿಯುತ್ತೇನೆ. ನೆರೆಮನೆಯವರು ಬೇಲಿಯ ಮೇಲಿಂದ ನೋಡಿ ಹೋಗುತ್ತಾರೆ. ಇನ್ನೊಂದು ಜೊತೆ ಕೈಗವಸಿಗೆಂದು ಮತ್ತೆ ಹಗಲೆಲ್ಲ ಕೋಟು ಹೊಲಿಯುತ್ತಿದ್ದೇನೆ. ಈ ಸಲ ಅತ್ತೆಯ ಪೆಟ್ಟಿಗೆಯಲ್ಲಿ ಬಚ್ಚಿಡುವುದಿಲ್ಲ, ನನ್ನ ಕೈಯಾರೆ ಗಂಡನಿಗೆ ಕೊಡುವ ಹುಚ್ಚೂ ಇಲ್ಲ. ನೇರವಾಗಿ ಬೀಗರ ಮನೆಗೇ ಕಳಿಸುತ್ತೇನೆ!